ಮಾತ್ರೆ ಡಬ್ಬಿ ಎಲ್ಲಿ ಇಡುತ್ತೀರಿ?

ಶಿರಸಿ ಹತ್ತಿರದ ಹಳ್ಳಿಯವಳು ನಾನು. ಮೂರು ವಾರದಿಂದ ಎಸ್ಸಿಟಾಲೋಪ್ರಾಮ್ (ಖಿನ್ನತೆ, ಆತಂಕಕ್ಕೆ ಕೊಡುವ ಮಾತ್ರೆ) ತಗೊಳ್ಳುತ್ತಿದ್ದೇನೆ, ದಿನಾ ಬೆಳಿಗ್ಗೆ ಒಂದು. ಅತ್ತೆಗೆ ಗೊತ್ತಾಗಿದೆ, "ಹುಚ್ಚಿನ ಮಾತ್ರೆ ಬಿಟ್ಟುಬಿಡು" ಅನ್ನುತ್ತಾರೆ. ಮುಂದಿನ ವಾರ ಮನೆಯಲ್ಲಿ ಶ್ರಾದ್ಧ. ಮಡಿಯಲ್ಲಿ ಅಡುಗೆ ಮಾಡಬೇಕು, ಎಲ್ಲ ಮುಗಿಯುವವರೆಗೆ ಬಾಯಿಗೆ ಏನೂ ಹಾಕುವ ಹಾಗಿಲ್ಲ, ಮೇಲೆ ಮನೆ ತುಂಬಾ ನೆಂಟರು. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಕುಮಟಾದಿಂದ:
ತಂಗಿ, ನಂದೂ ಅದೇ ಜಾತಿಯ ಮಾತ್ರೆ, ಆರು ವರ್ಷ ಆಯ್ತು. ಮೊದಲು ಅಕ್ಕಿ ಡಬ್ಬದೊಳಗೆ ಹುಗಿದು ಇಡುತ್ತಿದ್ದೆ. ಮನೆಯಲ್ಲಿ ಜನ ಇದ್ದರೆ ಡಬ್ಬ ತೆಗೆಯೋಕೇ ಆಗುತ್ತಿರಲಿಲ್ಲ. ಒಂದು ಚೌತಿಗೆ ಸಾಲಾಗಿ ಐದು ದಿನ ತಪ್ಪಿತು ನೋಡು, ತಲೆಸುತ್ತು, ಕಣ್ಣು ಆಚೀಚೆ ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಮನೆಯವರೆಲ್ಲ "ಮಾತ್ರೆಯಿಂದಲೇ ಹೀಗಾಯ್ತು" ಅಂದರು. ಆಗಿದ್ದು ಬಿಟ್ಟದ್ದರಿಂದ! ಇದು ಚಟ ಹಿಡಿಸುವ ಮಾತ್ರೆ ಅಲ್ಲ, ಆದರೆ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರೇ ಸ್ವಲ್ಪ ಸ್ವಲ್ಪ ಇಳಿಸುತ್ತಾರೆ. ಇನ್ನೂ ಗುಣ ಕಾಣಲಿಲ್ಲ ಅಂತ ಹೆದರಬೇಡ, ನನಗೆ ಊಟ ಸೇರತೊಡಗಿದ್ದೇ ಐದನೇ ವಾರಕ್ಕೆ.

ಈಗ ಗಂಡನ ಬಿಪಿ ಮಾತ್ರೆ ಪಕ್ಕದಲ್ಲೇ ಇಟ್ಟಿದ್ದೇನೆ. ಇಷ್ಟು ದಿನದಲ್ಲಿ ಕೇಳಿದ್ದು ಒಬ್ಬರೇ, ಪಕ್ಕದ ಮನೆ ಅಕ್ಕೋರು. ಅವರಿಗೂ ನಿದ್ದೆ ಬರುವುದಿಲ್ಲವಂತೆ, ಯಾವ ಡಾಕ್ಟರ್ ಅಂತ ವಿಚಾರಿಸಿದರು.

ಕಾರವಾರದಿಂದ:
ನಾನು ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಊರವರು ಸಿಕ್ಕರೆ ಹುಬ್ಬಳ್ಳಿಗೆ ಬಟ್ಟೆ ತರಲು ಅನ್ನುತ್ತಿದ್ದೆ. ಎರಡು ವರ್ಷದಲ್ಲಿ ಎಷ್ಟು ಬಟ್ಟೆ ತಂದೆನೋ! ಅಮ್ಮ ದೇವರ ಹತ್ತಿರ ಪ್ರಸಾದ ಕೇಳಿಸಿದಳು, ನಾನು ಬೇಡ ಅನ್ನಲಿಲ್ಲ. ಹರಕೆಯನ್ನೂ ತೀರಿಸಿದೆ, ಮಾತ್ರೆಯನ್ನೂ ನುಂಗಿದೆ. ಗುಣವಾದದ್ದನ್ನು ಅವಳು ಈಗಲೂ ದೇವರ ಲೆಕ್ಕಕ್ಕೇ ಹಾಕುತ್ತಾಳೆ, ಹಾಕಲಿ ಬಿಡಿ. ಊರಿಗೆಲ್ಲ ಹೇಳುವ ಸಾಲ ನಮ್ಮ ಮೇಲಿಲ್ಲ. ಮದುವೆ ಮಾತು ಬಂದಾಗ ಹುಡುಗಿಗೆ ಮಾತ್ರ ನಾನೇ ಹೇಳಿದೆ. ಒಂದು ಸಂಬಂಧ ತಪ್ಪಿತು, ಎರಡನೆಯದು ಕೂಡಿಬಂತು.

ಇನ್ನೊಂದು, ನಿಮ್ಮ ಚಿಕಿತ್ಸೆ ವಿಷಯವನ್ನು ಆಸ್ಪತ್ರೆಯವರು ಸುಮ್ನೆ ಹೊರಗೆ ಹೇಳುವ ಹಾಗಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ.

ಅಂಕೋಲಾದಿಂದ:
ರಾತ್ರಿ ಮನಸ್ಸು ತಡೆಯದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಶ್ರಾದ್ಧದ ವಿಷಯಕ್ಕೆ, ಬೆಳಗಿನ ಮಾತ್ರೆಯನ್ನು ರಾತ್ರಿಗೆ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಈಗಲೇ ಕೇಳಿಡಿ. ಅಷ್ಟೊತ್ತಿಗೆ ನೆಂಟರೂ ಹೊರಟಿರುತ್ತಾರೆ, ಅಲ್ವಾ?