ಜೋಡಿ ಲೀಸ್ಡ್ ಲೈನ್ ಒಂದೇ ಲೈನಿಗಿಂತ ನಿಧಾನ: ಅನುಭವವಿದ್ದವರು ತಿಳಿಸಿ

ಕೋರಿಕೆ: ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದಿಂದ

ನಮ್ಮ ಘಟಕಕ್ಕೂ ಬೆಂಗಳೂರಿನ ಮುಖ್ಯ ಕಚೇರಿಗೂ ನಡುವೆ ತಲಾ 2 ಎಂಬಿಪಿಎಸ್‌ನ ಎರಡು ಇ1 ಲೀಸ್ಡ್ (ನಮಗೆಂದೇ ಬಾಡಿಗೆಗೆ ಪಡೆದ) ಲೈನ್‌ಗಳಿದ್ದು, ಎರಡನ್ನೂ ಸಿಸ್ಕೊ ರೌಟರ್‌ನಲ್ಲಿ ಮಲ್ಟಿಲಿಂಕ್ ಪಿಪಿಪಿ (ಹಲವು ಲೈನ್‌ಗಳನ್ನು ಒಂದಾಗಿ ನಡೆಸುವ ವಿಧಾನ) ಮೂಲಕ ಒಂದೇ ಬಂಡಲ್ ಮಾಡಲಾಗಿದೆ. ಮಳೆ ಹಿಡಿದಂದಿನಿಂದ ದಾಸ್ತಾನು ಲೆಕ್ಕದ ಸಾಫ್ಟ್‌ವೇರ್ ತೆರೆದುಕೊಳ್ಳುವುದೇ ತಡವಾಗುತ್ತಿದೆ, ಫೋನ್ ಮಾತು ತುಂಡುತುಂಡಾಗುತ್ತಿದೆ, ಫೈಲ್ ಕಳುಹಿಸುವ ವೇಗವಂತೂ ಮೊದಲು ಒಂದೇ ಲೈನ್ ಇದ್ದಾಗ ಸಿಗುತ್ತಿದ್ದುದಕ್ಕಿಂತ ಕಡಿಮೆಯಾಗಿದೆ. ಲೈನ್ ಕೊಟ್ಟವರು ಎರಡೂ ಅಪ್ ಇವೆ, ನಿಮ್ಮ ರೌಟರ್ ನೋಡಿಕೊಳ್ಳಿ ಎನ್ನುತ್ತಾರೆ. ರೌಟರ್ ಬದಲಿಸುವ ಮುನ್ನ ಏನೇನು ಪರೀಕ್ಷಿಸಬೇಕೆಂದು ಇಂಥದ್ದನ್ನು ಎದುರಿಸಿದವರು ದಯವಿಟ್ಟು ತಿಳಿಸಿ.

ಉತ್ತರ: ಚಿಕ್ಕಮಗಳೂರಿನಲ್ಲಿ ಕಚೇರಿ ನೆಟ್‌ವರ್ಕ್‌ಗಳ ನಿರ್ವಹಣೆ ಮಾಡುವವರು

ರೌಟರ್ ಬದಲಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ತಾವು ಹೇಳಿದ ಲಕ್ಷಣಗಳಲ್ಲಿ ಕೊನೆಯದೇ ಬಹಳ ಮುಖ್ಯವಾದದ್ದು. ಎರಡರಲ್ಲಿ ಒಂದು ಲೈನ್ ಪೂರ್ತಿ ಬಿದ್ದುಹೋಗಿದ್ದರೆ ಬಂಡಲ್ ಅದನ್ನು ಕೈಬಿಟ್ಟು ಉಳಿದೊಂದರ ಮೇಲೆ ನಡೆದುಕೊಂಡು ಹೋಗುತ್ತಿತ್ತು, ತಮಗೆ ಅರ್ಧ ವೇಗವಾದರೂ ಉಳಿಯುತ್ತಿತ್ತು. ಅರ್ಧಕ್ಕಿಂತಲೂ ಕಡಿಮೆಯಾಗಿದೆ ಎಂದರೆ ಒಂದು ಲೈನ್ ಬೀಳದೆಯೂ ಸರಿಯಾಗಿ ನಡೆಯದೆಯೂ ಬಂಡಲ್‌ನೊಳಗೇ ಉಳಿದುಕೊಂಡಿದೆ. 1996ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1990 ಎಂಬ ಇಂಟರ್ನೆಟ್ ಮಾನದಂಡ ದಾಖಲೆಯ ಪ್ರಕಾರ ಮಲ್ಟಿಲಿಂಕ್ ಪಿಪಿಪಿಯು ಪ್ಯಾಕೆಟನ್ನು (ಮಾಹಿತಿಯ ಒಂದು ಕಂತೆ) ತುಂಡು ಮಾಡಿ, ತುಂಡುಗಳಿಗೆ ಕ್ರಮಸಂಖ್ಯೆ ಹಾಕಿ, ಎರಡೂ ಲೈನ್‌ಗಳಿಗೆ ಹಂಚಿ ಕಳುಹಿಸಬಲ್ಲದು. 1500 ಬೈಟ್‌ನ ಪ್ಯಾಕೆಟ್ ಒಂದು ಇ1ರಲ್ಲಿ ದಾಟಲು ಸುಮಾರು 6 ಮಿಲಿಸೆಕೆಂಡ್ ಹಿಡಿಯುವಲ್ಲಿ, ಹೀಗೆ ಹಂಚಿದಾಗ 3ರಲ್ಲಿ ಮುಗಿಯುತ್ತದೆ. ಆದರೆ ಒಂದು ಲೈನಿನಲ್ಲಿ ಒಂದು ತುಂಡು ಕೆಟ್ಟರೂ ಇನ್ನೊಂದರಲ್ಲಿ ನೆಟ್ಟಗೆ ಬಂದ ತುಂಡು ವ್ಯರ್ಥವಾಗುತ್ತದೆ. ಮಾಹಿತಿ ತಲುಪಿತೇ ಎಂದು ನೋಡಿಕೊಳ್ಳುವ ಟಿಸಿಪಿ ಇಡೀ ಪ್ಯಾಕೆಟನ್ನು ಮತ್ತೆ ಕಳುಹಿಸುವುದಲ್ಲದೆ ವೇಗವನ್ನೂ ತಗ್ಗಿಸುತ್ತದೆ. ಹೀಗಾಗಿ ಕೆಟ್ಟ ಲೈನಿನ ದೋಷವನ್ನು ಒಳ್ಳೆಯ ಲೈನೂ ಅನುಭವಿಸಬೇಕಾಗುತ್ತದೆ.

ಆದ್ದರಿಂದ ಮೊದಲು ಬಂಡಲ್ ಬಿಚ್ಚಿ. ಕಚೇರಿ ಸಮಯ ಮುಗಿದ ಮೇಲೆ, ಬೆಂಗಳೂರಿನ ಕಡೆಯವರಿಗೂ ಮೊದಲೇ ತಿಳಿಸಿ, ಒಂದು ಸೀರಿಯಲ್ ಇಂಟರ್‌ಫೇಸನ್ನು ಶಟ್‌ಡೌನ್ ಮಾಡಿ ಇನ್ನೊಂದರ ಮೇಲೆ ಮಾತ್ರ 1500 ಬೈಟ್‌ನ ಪಿಂಗ್‌ಗಳನ್ನು (ಆ ತುದಿ ಉತ್ತರಿಸುವ ಪರೀಕ್ಷಾ ಪ್ಯಾಕೆಟ್‌ಗಳು) ಸಾವಿರದ ಲೆಕ್ಕದಲ್ಲಿ ಬಿಡಿ. ಆಮೇಲೆ ಲೈನ್ ಅದಲುಬದಲು ಮಾಡಿ ಅದನ್ನೇ ಪುನರಾವರ್ತಿಸಿ. ಸಣ್ಣ ಪಿಂಗ್‌ಗಳನ್ನು ನಂಬಬೇಡಿ, ದೋಷವಿರುವ ಲೈನಿನಲ್ಲೂ ಅವು ಬಹುತೇಕ ಹಾಯಾಗಿ ದಾಟುತ್ತವೆ. ಎಕ್ಸ್‌ಟೆಂಡೆಡ್ ಪಿಂಗ್‌ನಲ್ಲಿ ಡೇಟಾ ಪ್ಯಾಟರ್ನ್ ಬದಲಿಸುವ ಅವಕಾಶವಿದೆ. ಒಮ್ಮೆ ಎಲ್ಲ ಸೊನ್ನೆ, ಒಮ್ಮೆ ಎಲ್ಲ ಒಂದು ಕೊಟ್ಟು ನೋಡಿ. ಸೊನ್ನೆಗಳಲ್ಲಿ ಮಾತ್ರ ಪ್ಯಾಕೆಟ್ ಕಳೆಯುತ್ತಿದ್ದರೆ ಲೈನ್ ಕೋಡಿಂಗ್ (ಸೊನ್ನೆ, ಒಂದುಗಳನ್ನು ತಂತಿಯ ಮೇಲೆ ಸಿಗ್ನಲ್ ಆಗಿಸುವ ರೀತಿ) ಕಡೆ ಗಮನ ಕೊಡಬೇಕು: ಎಚ್‌ಡಿಬಿ3 ಎಂಬ ರೀತಿ ಇರಬೇಕಾದಲ್ಲಿ ಒಂದು ತುದಿಯಲ್ಲಿ ಉದ್ದ ಸೊನ್ನೆಸಾಲನ್ನು ತಾಳದ ಎಎಂಐ ಉಳಿದುಕೊಂಡಿರಬಹುದು.

ಇದರ ಜೊತೆಗೆ ಶೋ ಕಂಟ್ರೋಲರ್ಸ್ ಇ1 ಆದೇಶವನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಅದು ಕಳೆದ 24 ಗಂಟೆಗಳ ಲೆಕ್ಕವನ್ನು 15 ನಿಮಿಷಗಳ ಕಂತಿನಲ್ಲಿ ಇಟ್ಟಿರುತ್ತದೆ. ಲೈನ್ ಕೊಟ್ಟವರ ಜೊತೆ ಮಾತಾಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದರಲ್ಲಿ ಸ್ಲಿಪ್ (ಎರಡು ತುದಿಗಳ ಲಯ ತಪ್ಪಿ ಒಂದು ಫ್ರೇಮ್, ಅಂದರೆ ಬಿಟ್‌ಗಳ ಒಂದು ಗುಂಪು, ಕಳೆದುಹೋಗುವುದು ಅಥವಾ ಎರಡು ಬಾರಿ ಬರುವುದು) ಸೆಕೆಂಡ್‌ಗಳು ಏರುತ್ತಿದ್ದರೆ ಬಿಟ್‌ಗಳ ಲಯ ನಿಗದಿಮಾಡುವ ಕ್ಲಾಕ್ ಕಡೆಗೂ, ಲೈನ್ ಕೋಡ್ ವಯೊಲೇಷನ್‌ಗಳು (ಸಿಗ್ನಲ್ ಕೋಡಿಂಗ್ ನಿಯಮ ಮುರಿದ ಎಣಿಕೆ) ಏರುತ್ತಿದ್ದರೆ ಕೇಬಲ್ ಕಡೆಗೂ ನೋಡಬೇಕು. ಕ್ಲಾಕ್ ದೋಷವನ್ನು ಅದರ ಲಯದಿಂದಲೇ ಹಿಡಿಯಬಹುದು. ಇ1ರ ಒಂದು ಫ್ರೇಮ್ 125 ಮೈಕ್ರೊಸೆಕೆಂಡ್. ಎರಡು ತುದಿಗಳ ಕ್ಲಾಕ್‌ಗಳ ನಡುವೆ ದಶಲಕ್ಷದಲ್ಲಿ ಒಂದು ಭಾಗದ ವ್ಯತ್ಯಾಸವಿದ್ದರೆ 125 ಸೆಕೆಂಡಿಗೊಂದು ಸ್ಲಿಪ್ ಬೀಳುತ್ತದೆ, ವ್ಯತ್ಯಾಸ 50 ಭಾಗವಾದರೆ ಎರಡೂವರೆ ಸೆಕೆಂಡಿಗೊಂದು. ಹಗಲು, ರಾತ್ರಿ, ಮಳೆ, ಬಿಸಿಲು ಯಾವುದನ್ನೂ ಲೆಕ್ಕಿಸದೆ ಒಂದೇ ಸಮನೆ ಬೀಳುವ ಸ್ಲಿಪ್ ಕ್ಲಾಕ್‌ನದ್ದು. ಹಾಗಿದ್ದಾಗ ಕ್ಲಾಕ್ ಸೋರ್ಸ್ ಲೈನ್ ಎಂದಿದೆಯೇ, ಯಾರಾದರೂ ಇಂಟರ್ನಲ್ (ರೌಟರ್‌ನ ಸ್ವಂತ ಕ್ಲಾಕ್) ಎಂದು ಮಾಡಿಟ್ಟಿದ್ದಾರೆಯೇ ಎಂದು ಎರಡೂ ತುದಿಗಳಲ್ಲಿ ನೋಡಿ. ಕೆಲವು ಕಾರ್ಡ್‌ಗಳಲ್ಲಿ ಎರಡು ಪೋರ್ಟ್‌ಗಳು ಒಂದೇ ಕ್ಲಾಕ್ ಮೇಲೆ ನಡೆಯುತ್ತವೆ. ಎರಡು ಲೈನ್‌ಗಳು ಬೇರೆ ಬೇರೆ ಸಂಸ್ಥೆಗಳಿಂದ ಬಂದಿದ್ದರೆ ಒಂದರಲ್ಲಿ ಸ್ಲಿಪ್ ಬೀಳಬಹುದು.

ತಮ್ಮದು ಮಳೆಯ ಜೊತೆ ಶುರುವಾದ ತೊಂದರೆಯಾದ್ದರಿಂದ ನನ್ನ ಅನುಮಾನ ಕೇಬಲ್ ಮೇಲೆ. ಜುಲೈನಲ್ಲಿ ನಮ್ಮ ಊರಿನ ಕಚೇರಿಗಳಲ್ಲಿ ಗೋಡೆಯೇ ಬೆವರುವಾಗ ತಂತಿಗಳನ್ನು ಒತ್ತಿ ಕೂರಿಸುವ ಕ್ರೋನ್ ಬ್ಲಾಕ್‌ನ ಹಲ್ಲುಗಳಲ್ಲಿ ಹಸಿರು ಕಿಲುಬು ಕೂತಿರುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ತಂತಿಯನ್ನು ಬೆರಳಿನಿಂದ ಸ್ವಲ್ಪ ಅಲುಗಿಸಿದರೆ ಸಾಕು, ವಯೊಲೇಷನ್ ಎಣಿಕೆ ಕಣ್ಣೆದುರೇ ಏರುತ್ತದೆ. ಒರೆಸಿ ಮತ್ತೆ ಕೂರಿಸುವ ಗೋಜಿಗೆ ಹೋಗದೆ, ತುದಿ ಕತ್ತರಿಸಿ, ಹೊಸ ತಾಮ್ರ ತೆಗೆದು, ಬೇರೆ ಜೋಡಿ ಹಲ್ಲುಗಳಿಗೆ ಪಂಚ್ ಮಾಡಿಸಿ. ಕೋಆಕ್ಸಿಯಲ್ 75 ಓಮ್‌ನಿಂದ ಆರ್‌ಜೆ45ರ 120 ಓಮ್‌ಗೆ ಬದಲಿಸುವ ಬಾಲನ್ ನಡುವೆ ಇದ್ದರೆ ಅದನ್ನೂ ಬಿಟ್ಟುಬಿಡಬೇಡಿ.

ಅಲಾರಂಗಳ ವಿಷಯ ಚಿಕ್ಕದು. ಎಐಎಸ್ ಬಂದರೆ ನಡುವಿನ ಉಪಕರಣಕ್ಕೆ ಹಿಂದಿನಿಂದ ಸಿಗ್ನಲ್ ಸಿಗುತ್ತಿಲ್ಲ, ಅದು ಲೈನ್ ಕೊಟ್ಟವರ ಪಾಲು. ಆರ್‌ಎಐ ಬಂದರೆ ತಾವು ಕಳುಹಿಸಿದ್ದು ಆ ತುದಿಗೆ ಸರಿಯಾಗಿ ತಲುಪುತ್ತಿಲ್ಲ, ಮೊದಲು ತಮ್ಮ ಟ್ರಾನ್ಸ್‌ಮಿಟ್ ಜೋಡಿಯನ್ನೇ ನೋಡಿ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ಆ ಒಂದು ಲೈನಿಗೆ 24 ಗಂಟೆಯ ಬಿಇಆರ್ ಟೆಸ್ಟ್ (ಕೆಟ್ಟ ಬಿಟ್‌ಗಳ ಪ್ರಮಾಣ ಅಳೆಯುವ ಪರೀಕ್ಷೆ) ಮಾಡಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಅಲ್ಲಿಯವರೆಗೆ ಕೆಟ್ಟ ಲೈನನ್ನು ಬಂಡಲ್‌ನಿಂದ ಹೊರಗಿಟ್ಟರೆ ತಮ್ಮ ಸಿಬ್ಬಂದಿಯ ಕೆಲಸ ಇವತ್ತೇ ಸುಧಾರಿಸುತ್ತದೆ.

ಉತ್ತರ: ಹಾಸನದಿಂದ

ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಆದರೆ ಎರಡು ಲೈನ್‌ಗಳೂ ಬಿಡಿಬಿಡಿಯಾಗಿ ಒಂದೂ ದೋಷವಿಲ್ಲದೆ ಪಾಸಾಗಿ, ಕೂಡಿಸಿದಾಗ ಮಾತ್ರ ಕೆಡುವುದೂ ಉಂಟು. ನಮ್ಮ ಮಂಗಳೂರು ಶಾಖೆಯ ಲೈನ್‌ಗಳಿಗೆ ಆದದ್ದು ಅದೇ. ಸಕಲೇಶಪುರದ ಕಡೆ ಹೆದ್ದಾರಿ ಅಗಲ ಮಾಡುವಾಗ ಫೈಬರ್ ತುಂಡಾಗಿ, ಲೈನ್ ಕೊಟ್ಟವರು ಒಂದನ್ನು ಬೆಂಗಳೂರಿನ ಸುತ್ತು ಹಾಕಿಸಿ ತಿರುಗಿಸಿದ್ದರು, ನಮಗೆ ತಿಳಿಸಿರಲಿಲ್ಲ. ಒಂದು ಲೈನಿನ ತುಂಡು ಬಂದು ಕಾಯುತ್ತಿರುತ್ತದೆ, ಇನ್ನೊಂದರದ್ದು ತಡವಾಗಿ ಬರುತ್ತದೆ, ಜೋಡಿಸುವ ಬಫರ್‌ನ ತಾಳ್ಮೆ ಮೀರಿದ ಕೂಡಲೇ ಪ್ಯಾಕೆಟ್ ಬಿದ್ದುಹೋಗುತ್ತದೆ. ಇದನ್ನು ಗುರುತಿಸಲು ಶೋ ಪಿಪಿಪಿ ಮಲ್ಟಿಲಿಂಕ್‌ನಲ್ಲಿ ಲಾಸ್ಟ್ ಫ್ರಾಗ್‌ಮೆಂಟ್ಸ್ (ಕಳೆದ ತುಂಡುಗಳು) ಮತ್ತು ರೀಆರ್ಡರ್ಡ್ (ಕ್ರಮ ತಪ್ಪಿ ಬಂದವು) ಎಂಬ ಎರಡು ಎಣಿಕೆಗಳನ್ನು ನೋಡಬೇಕು. ಇಂಟರ್‌ಫೇಸ್‌ಗಳಲ್ಲಿ ಸಿಆರ್‌ಸಿ ದೋಷ (ದಾರಿಯಲ್ಲಿ ಮಾಹಿತಿ ಕೆಟ್ಟ ಎಣಿಕೆ) ಸೊನ್ನೆಯಿದ್ದು ಇವು ಮಾತ್ರ ಏರುತ್ತಿದ್ದರೆ ಎರಡು ದಾರಿಗಳ ತಡದಲ್ಲಿ ವ್ಯತ್ಯಾಸವಿದೆ ಎಂದು ತಿಳಿಯಬೇಕು. ಪ್ರತಿ ಲೈನಿನ ಪಿಂಗ್ ಸಮಯವನ್ನು ಬೇರೆ ಬೇರೆ ಬರೆದುಕೊಂಡರೆ ಅದು ಖಚಿತವಾಗುತ್ತದೆ.

ದಾರಿ ಮೊದಲಿನಂತಾಗುವವರೆಗೆ ನಾವು ಬಂಡಲ್ ತೆಗೆದು, ಎರಡು ಲೈನ್‌ಗಳನ್ನು ಪ್ರತ್ಯೇಕ ರೂಟ್‌ಗಳಾಗಿ ಇಟ್ಟು, ಪರ್ ಡೆಸ್ಟಿನೇಷನ್ (ತಲುಪಬೇಕಾದ ವಿಳಾಸಕ್ಕೆ ತಕ್ಕಂತೆ ಲೈನ್ ಆರಿಸುವ) ಹಂಚಿಕೆ ಮಾಡಿ, ಫೋನ್ ಮಾತನ್ನು ಹತ್ತಿರದ ದಾರಿಗೆ ಕಟ್ಟಿಹಾಕಿದೆವು. ಒಂದೇ ಫೈಲಿಗೆ ಆಗ ಒಂದು ಲೈನಿನ ವೇಗವಷ್ಟೇ ಸಿಗುತ್ತದೆ ನಿಜ, ಆದರೆ ಮಾತು ತುಂಡಾಗುವುದು ಪೂರ್ತಿ ನಿಂತಿತು. ಪರ್ ಪ್ಯಾಕೆಟ್ (ಪ್ರತಿ ಪ್ಯಾಕೆಟನ್ನೂ ಸರದಿಯಂತೆ ಬೇರೆ ಲೈನಿಗೆ ಹಾಕುವ) ಹಂಚಿಕೆಯನ್ನು ಮಾತ್ರ ಇಂಥ ಜೋಡಿಗೆ ಯಾರೂ ಹಾಕಬಾರದು. ಅದರಲ್ಲಿ ಕ್ರಮ ಸರಿಪಡಿಸುವವರೇ ಇರುವುದಿಲ್ಲ.

ಉತ್ತರ: ಮೂಡಿಗೆರೆಯಿಂದ

ಒಂದು ಸೇರ್ಪಡೆ. ಆ 15 ನಿಮಿಷಗಳ ಲೆಕ್ಕವನ್ನು ತಮ್ಮ ಜನರೇಟರ್ ದಾಖಲೆ ಪುಸ್ತಕದ ಪಕ್ಕದಲ್ಲಿಟ್ಟು ಓದಿ. ಕರೆಂಟ್ ಹೋಗಿ ಜನರೇಟರ್ ಹಿಡಿದ ಕಂತುಗಳಲ್ಲೇ ದೋಷ ಗುಂಪಾಗಿದ್ದರೆ ಮಾಡೆಮ್ ಒಂದು ಅರ್ತ್‌ಗೂ ರೌಟರ್ ಇನ್ನೊಂದು ಅರ್ತ್‌ಗೂ ಸೇರಿರುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜನ್ನು ಮೀಟರ್‌ನಲ್ಲಿ ಒಮ್ಮೆ ಮೇನ್ ಸಪ್ಲೈ ಮೇಲೂ ಒಮ್ಮೆ ಜನರೇಟರ್ ಮೇಲೂ ಅಳೆಯಿಸಿ. ಎರಡು ಅಳತೆಗಳ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ಮಾಡೆಮ್, ರೌಟರ್ ಎರಡನ್ನೂ ಒಂದೇ ಯುಪಿಎಸ್‌ಗೆ, ಒಂದೇ ಅರ್ತ್ ಪಟ್ಟಿಗೆ ಹಾಕಿಸಿ, ಮರುದಿನದ ಎಣಿಕೆಯನ್ನು ಇಲ್ಲಿ ಬರೆಯಿರಿ.