ಮಾರ್ಕ್ಸ್ ಕಡಿಮೆ ಬಂದಿದೆ, ಮಗನ ಹತ್ತಿರ ಹೇಗೆ ಮಾತಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ಮಗನಿಗೆ 12 ವರ್ಷ. ಗಣಿತದಲ್ಲಿ 80ಕ್ಕೆ ಕಡಿಮೆ ತಂದವನಲ್ಲ, ಈ ಸಲ 46. ಪೇಪರ್ ಬ್ಯಾಗಿನ ತಳದಲ್ಲಿ ಮುದುಡಿಕೊಂಡು ಬಿದ್ದಿತ್ತು. ಕೇಳಿದರೆ ‘ಗೊತ್ತಿಲ್ಲ’ ಅಂತಾನೆ. ಅವರಪ್ಪ ಮೊಬೈಲ್ ಕಿತ್ತಿಟ್ಟಿದ್ದಾರೆ. ದಿನಾ ಪುಸ್ತಕ ಹಿಡಿದು ಕೂತೇ ಇರ್ತಾನೆ, ಆದರೂ ಹೀಗೆ.

ಉತ್ತರ (ಶಾಲಾ ಆಪ್ತಸಮಾಲೋಚಕಿ): ಮೊದಲು 46 ಅನ್ನೋದನ್ನು ಪಕ್ಕಕ್ಕಿಡಿ. ಉತ್ತರ ಪತ್ರಿಕೆ ತೆಗೆದು ಇಬ್ಬರೂ ಅಕ್ಕಪಕ್ಕ ಕೂತುಕೊಳ್ಳಿ, ಎದುರುಬದುರು ಬೇಡ. ‘ಯಾಕೆ ಕಡಿಮೆ ಬಂತು?’ ಅಂದರೆ ‘ಗೊತ್ತಿಲ್ಲ’ ಅಂತಲೇ ಉತ್ತರ ಬರುತ್ತದೆ. ‘ಈ ಲೆಕ್ಕದಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡೆ?’ ಅಂದರೆ ಬಾಯಿ ಬಿಡುತ್ತಾನೆ. ವಿಧಾನವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಮೈನಸ್ ಬಿಟ್ಟನೋ, ಟೈಮ್ ಸಾಲಲಿಲ್ಲವೋ ನೋಡಿ. ವಿಧಾನ ಗೊತ್ತಿಲ್ಲದಿದ್ದರೆ ಟೀಚರ್ ಹತ್ತಿರ ಮತ್ತೆ ಹೇಳಿಸಿಕೊಳ್ಳಬೇಕು. ಟೈಮ್ ಸಾಲದಿದ್ದರೆ ಗಡಿಯಾರ ಇಟ್ಟುಕೊಂಡು ಲೆಕ್ಕ ಮಾಡಬೇಕು. ಎರಡಕ್ಕೂ ಮೊಬೈಲ್ ಕಿತ್ತಿಡೋದು ಮದ್ದಲ್ಲ.

ಪುಸ್ತಕ ಹಿಡಿದು ಕೂರುತ್ತಾನೆ ಅಂದಿರಿ. ಬಿಡಿಸಿದ ಲೆಕ್ಕವನ್ನೇ ಓದುತ್ತಿದ್ದಾನಾ ಗಮನಿಸಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ, ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದರೆ, ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರು ಮುಂದೆ. ಅವರು ಕೊಟ್ಟಿದ್ದು ಗದ್ಯಪಾಠ, ಗಣಿತವಲ್ಲ. ಆದರೂ ಪುಸ್ತಕ ಮುಚ್ಚಿ ಲೆಕ್ಕ ಮಾಡಿಸಿ ನೋಡಿ.

ಪ್ರಶ್ನೆ: ಆದರೆ ಬಚ್ಚಿಟ್ಟಿದ್ದು? ಅದೇ ಜಾಸ್ತಿ ಬೇಜಾರು.

ಉತ್ತರ: ಅವನನ್ನು ‘ಜಾಣ’ ಅಂತ ಎಲ್ಲರೂ ಹೊಗಳುತ್ತಾ ಬಂದಿದ್ದೀರಾ? 1998ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಎಂಬ ಮನೋವಿಜ್ಞಾನಿಗಳು ಐದನೇ ತರಗತಿ ಮಕ್ಕಳಲ್ಲಿ ಕೆಲವರಿಗೆ ‘ನೀನು ಬುದ್ಧಿವಂತ’ ಅಂದರು, ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟೆ’ ಅಂದರು. ಆಮೇಲೆ ಕಷ್ಟದ ಪ್ರಶ್ನೆ ಕೊಟ್ಟರು. ತಮ್ಮ ಅಂಕದ ಬಗ್ಗೆ ಸುಳ್ಳು ಬರೆದವರು ‘ಬುದ್ಧಿವಂತ’ರ ಗುಂಪಿನಲ್ಲೇ ಹೆಚ್ಚು! ಜಾಣ ಅನ್ನಿಸಿಕೊಂಡವನಿಗೆ 46 ತೋರಿಸೋದು ಸುಲಭವಲ್ಲ, ಅಲ್ವಾ? ‘ಪೇಪರ್ ತೋರಿಸಿದರೆ ಬೈಯಲ್ಲ’ ಅಂತ ಹೇಳಿ. ಅವರಪ್ಪನೂ ಅದಕ್ಕೆ ಒಪ್ಪಿರಬೇಕು.

ಇನ್ನೊಬ್ಬರ ಪ್ರಶ್ನೆ: 80 ಬಂದರೆ ಸೈಕಲ್ ಕೊಡಿಸ್ತೀನಿ ಅನ್ನಬಹುದಾ?

ಉತ್ತರ: ನನಗೆ ಅಷ್ಟು ಇಷ್ಟವಿಲ್ಲ. 79 ಬಂದರೆ ಏನು ಮಾಡುತ್ತೀರಿ? ಸೈಕಲ್ ಬೇಕಿದ್ದರೆ ಸುಮ್ನೆ ಕೊಡಿಸಿಬಿಡಿ.