ಹಳೇ ಫೈರ್ ಸ್ಟೇಷನ್ ಊರೊಳಗೇ ಇರಬೇಕು ಅಲ್ವಾ?

ಕಲಬುರಗಿ ಹುಡುಗ:
ನಮಸ್ಕಾರ ರೀ. ನಮ್ಮ ಓಣಿ ಹತ್ತಿರ ಹಳೇ ಅಗ್ನಿಶಾಮಕ ಠಾಣೆ ಇದೆ. ಅಪ್ಪ ಸಣ್ಣವರಿದ್ದಾಗಿನಿಂದ ಅಲ್ಲೇ ಇದೆ. ಈಗ ಕೆಲವರು ಅದನ್ನು ರಿಂಗ್ ರೋಡಿಗೆ ಒಯ್ಯಲಿ, ಇಲ್ಲಿ ಟ್ರಾಫಿಕ್ ಜಾಸ್ತಿ ಅಂತಿದ್ದಾರೆ. ನನಗಂತೂ ಮನಸ್ಸು ಒಪ್ಪುತ್ತಿಲ್ಲ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಕೂಲರ್ ವೈರ್ ಸುಟ್ಟು ಹಾಸಿಗೆಗೆ ಬೆಂಕಿ ಹತ್ತಿತು. ನಾವು ಎರಡನೇ ಕೊಡ ತುಂಬೋದರೊಳಗೆ ಸೈರನ್ ಕೇಳಿಸಿತು. ಗಾಡಿ ಓಣಿಯೊಳಗೆ ಹಿಡಿಸಲಿಲ್ಲ, ಸಿಬ್ಬಂದಿ ಪೈಪ್ ಹೆಗಲಿಗೆ ಹಾಕಿಕೊಂಡು, ನಿಲ್ಲಿಸಿದ್ದ ಬೈಕುಗಳನ್ನು ಎತ್ತಿ ಪಕ್ಕಕ್ಕಿಟ್ಟು ಓಡಿ ಬಂದರು. ನೀವೇನಂತೀರಿ?

ಫೈರ್‌ಮನ್ ಮಗಳು:
ಅಣ್ಣಾ, ಮೊದಲು ಒಂದು ಮಾತು. ಕರೆಂಟಿನ ಬೆಂಕಿಗೆ ಮೇನ್ ಸ್ವಿಚ್ ಆಫ್ ಮಾಡದೆ ಕೊಡದ ನೀರು ಹಾಕಬೇಡಿ, ಶಾಕ್ ಹೊಡೆಯುತ್ತೆ. 101 ಅಥವಾ 112ಕ್ಕೆ ಫೋನ್ ಮಾಡಿದಾಗ ಮನೆ ನಂಬರ್ ಜೊತೆಗೆ ಗುಡಿನೋ ಮಸೀದಿನೋ ಕಿರಾಣಿ ಅಂಗಡಿನೋ ಗುರುತು ಹೇಳಿ. ಒಬ್ಬರು ಓಣಿ ಬಾಯಲ್ಲಿ ನಿಂತಿರಿ. ಅಪ್ಪ ಊಟದ ತಟ್ಟೆ ಬಿಟ್ಟು ಓಡಿದ್ದನ್ನು ಎಷ್ಟು ಸಲ ನೋಡಿದ್ದೀನೋ! ದಾರಿ ಹುಡುಕೋದರಲ್ಲೇ ಹೊತ್ತು ಹೋಗುತ್ತೆ ಅಂತ ಅವರಿಗೆ ಬಹಳ ಸಂಕಟ. ಠಾಣೆ ಹತ್ತಿರ ಇದ್ದರೆ ಅವರಿಗೆ ಓಣಿ ಓಣಿ ಗೊತ್ತಿರುತ್ತೆ.

ಜೇವರ್ಗಿ ಕಡೆಯವನು:
ನಮ್ಮ ಹಳ್ಳಿಯ ಕಷ್ಟವನ್ನೂ ಕೇಳಿ. ಕಣಕಿ ಬಣವೆಗೆ ಬೆಂಕಿ ಬಿದ್ದರೆ ಗಾಡಿ ಬರೋದರೊಳಗೆ ಬರೀ ಬೂದಿ, ಆಮೇಲೆ ವರ್ಷಪೂರ್ತಿ ಎತ್ತಿಗೆ ಮೇವಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ತುಂಬಿ ಬಂದಾಗ ಮನೆಗಳಿಗೆ ನೀರು ನುಗ್ಗಿತ್ತು. ಆಗ ಬೆಂಕಿಯವರೇ ಬೇಕು, ಬಾವಿಗೆ ಬಿದ್ದವರನ್ನು ಎತ್ತೋಕೂ ಅವರೇ ಬೇಕು. ರಿಂಗ್ ರೋಡಿನಲ್ಲಿ ಇನ್ನೊಂದು ಹೊಸದು ಮಾಡಲಿ, ಹಳೇದನ್ನು ಮುಚ್ಚೋದು ಬೇಡ.

ಬೀದರ್ ಅಕ್ಕ:
ನಮ್ಮ ಹಳೇ ಊರಿನ ಚೌಬಾರಾ ನೋಡಿದ್ದೀರಾ? ಸುತ್ತ ನಿಗಾ ಇಡೋ ಗೋಪುರ, ಊರ ನಟ್ಟನಡುವೆ ಕಟ್ಟಿದ್ದಾರೆ. ಠಾಣೆಯೂ ಹಾಗೇ ಜನರ ನಡುವೆ ಇರಬೇಕು. ಏಪ್ರಿಲ್ 14ರಿಂದ 20 ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಅದೇ ದಿನ ಮುಂಬೈ ಬಂದರಿನಲ್ಲಿ ಹತ್ತಿ, ಮದ್ದುಗುಂಡು ತುಂಬಿದ್ದ ಹಡಗು ಸಿಡಿದು 66 ಫೈರ್‌ಮನ್‌ಗಳು ಜೀವ ಕಳೆದುಕೊಂಡರು, ಅವರ ನೆನಪಿಗೆ ಇದು. 14ಕ್ಕೆ ಅಂಬೇಡ್ಕರ್ ಜಯಂತಿ ಮೆರವಣಿಗೆ ಇರುತ್ತೆ, ಮರುದಿನ ಮಕ್ಕಳನ್ನು ಠಾಣೆಗೆ ಕರೆದುಕೊಂಡು ಹೋಗಿ. ಓಣಿಯವರೆಲ್ಲ ಸಹಿ ಮಾಡಿದ ಅರ್ಜಿಯನ್ನೂ ಒಯ್ಯಿರಿ.

ಕಲಬುರಗಿ ಹುಡುಗ:
ಅರ್ಜಿ ಇವತ್ತು ರಾತ್ರಿಯೇ ಬರೀತೀನಿ ಅಕ್ಕಾ. ಓಣಿ ಬಾಯಲ್ಲಿ ಬೈಕ್ ನಿಲ್ಲಿಸಬೇಡಿ ಅಂತ ಈಗಲೇ ನಾಲ್ಕು ಮನೆಗೆ ಹೇಳಿ ಬಂದೆ.